ಕೆಡವೋದಲ್ಲ, ಬಿಚ್ಚೋದು

ನಮಸ್ಕಾರ. ಕೋಲಾರದ ಕಡೆ ಟೊಮೆಟೊ ತೋಟದ ಬದುವಿನಲ್ಲಿ ನಿಂತು "ಔಷಧಿ ಹೊಡೆದಾಯ್ತಾ?" ಅಂತ ಕೇಳಿದರೆ, ಅದು ಹುಳ ಸಾಯಿಸೋ ವಿಷದ ಮಾತು. ಅದೇ ಮನೆಯಲ್ಲಿ ರಾತ್ರಿ "ಅಜ್ಜಿಗೆ ಔಷಧಿ ಕೊಟ್ರಾ?" ಅಂದರೆ ಅದು ಜೀವ ಉಳಿಸೋ ಮಾತ್ರೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನ ಇರಲಿ, ತಲೆಬುರುಡೆ ಇರಲಿ, ನಮ್ಮ ಬಾಯಲ್ಲಿ ಅದು ಔಷಧಿಯೇ. ಒಂದೇ ಪದ ಎರಡೂ ಕಡೆ ಓಡಾಡುತ್ತೆ, ಯಾರಿಗೂ ಗೊಂದಲ ಆಗಲ್ಲ. ನಿರಚನೆ (ಇಂಗ್ಲಿಷಿನ ಡಿಕನ್ಸ್ಟ್ರಕ್ಷನ್, ಪಠ್ಯವನ್ನು ಅದರದೇ ಪದಗಳಿಂದ ಬಿಚ್ಚಿ ಓದೋ ಕ್ರಮ) ಅಂದ ಕೂಡಲೇ ಪುಸ್ತಕ ಮುಚ್ಚಿಡೋ ಎಂ.ಎ. ವಿದ್ಯಾರ್ಥಿಗಳಿಗೆ ನಾನು ಹೇಳೋದು ಇಷ್ಟೇ: ವ್ಯಾಖ್ಯೆ ಉರು ಹೊಡೆಯಬೇಡಿ, ಈ ಔಷಧಿಯಿಂದ ಶುರುಮಾಡಿ.

ಯಾಕೆ ಅಂದರೆ, ನಿರಚನೆಯನ್ನು ಶುರುಮಾಡಿದ ಫ್ರೆಂಚ್ ತತ್ವಜ್ಞಾನಿ ಜಾಕ್ ಡೆರಿಡಾ 1968ರಲ್ಲಿ ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಮೇಲೆ ಬರೆದ ದೊಡ್ಡ ಪ್ರಬಂಧ ನಿಂತಿರೋದು ಇಂಥದ್ದೇ ಒಂದು ಪದದ ಮೇಲೆ. ಪ್ಲೇಟೋನ 'ಫೀಡ್ರಸ್' ಸಂವಾದದಲ್ಲಿ ಒಂದು ಈಜಿಪ್ಟಿನ ಕಥೆ ಬರುತ್ತೆ. ಥ್ಯೂತ್ ಅನ್ನೋ ದೇವರು ಬರವಣಿಗೆ ಕಂಡುಹಿಡಿದು ರಾಜ ಥಾಮುಸ್‌ನ ಮುಂದೆ ಇಡ್ತಾನೆ. ಇದು ನೆನಪಿಗೆ 'ಫಾರ್ಮಕಾನ್' ಅಂತಾನೆ. ಗ್ರೀಕ್‌ನಲ್ಲಿ ಆ ಪದಕ್ಕೆ ಮದ್ದು ಅಂತಲೂ ಅರ್ಥ, ವಿಷ ಅಂತಲೂ ಅರ್ಥ. ರಾಜ ಒಪ್ಪಲ್ಲ: ಜನ ಬರಹವನ್ನೇ ನಂಬಿ ನೆನಪಿಟ್ಟುಕೊಳ್ಳೋದನ್ನೇ ಬಿಡ್ತಾರೆ, ಇದರಿಂದ ಮರೆವು ಹೆಚ್ಚುತ್ತೆ ಅಂತಾನೆ. ಅನುವಾದಕರು ಅಲ್ಲಿ 'ಪರಿಹಾರ' ಅಂತ ಒಂದೇ ಅರ್ಥ ಹಾಕಿಬಿಟ್ಟರೆ ಪದದ ಇನ್ನೊಂದು ಮುಖ ಅಲ್ಲೇ ಮುಚ್ಚಿಹೋಗುತ್ತೆ. ಕನ್ನಡದ ಅನುವಾದಕರಿಗೆ ಆ ಕಷ್ಟವೇ ಇಲ್ಲ, 'ಮದ್ದು' ಅಂತ ಹಾಕಿದರೆ ಸಾಕು. ಮದ್ದು ಕೊಡೋದೂ ಇದೆ, ಮದ್ದು ಹಾಕೋದೂ ಇದೆ.

ಈಗ ನಿಜವಾದ ಗಂಟು ನೋಡಿ. ಅದೇ ಸಂವಾದದಲ್ಲಿ ಸಾಕ್ರಟೀಸ್ ಬರಹಕ್ಕಿಂತ ಜೀವಂತ ಮಾತೇ ಮೇಲು ಅಂತ ವಾದಿಸ್ತಾನೆ. ಆ ಮೇಲಾದ ಮಾತು ಎಂಥದ್ದು ಅಂತ ಹೇಳುವಾಗ ಅವನ ಬಾಯಿಂದ ಬರೋದು ಏನು? ಕಲಿಯುವವನ ಆತ್ಮದಲ್ಲಿ *ಬರೆದ* ಮಾತು ಅಂತ! ಹೊರಗೆ ತಳ್ಳಿದ ಬರಹ, ಒಳಗಿನ ಮಾತನ್ನು ವಿವರಿಸೋಕೆ ಮತ್ತೆ ಬೇಕಾಯ್ತು. ಡೆರಿಡಾ ಹೊರಗಿನಿಂದ ಏನನ್ನೂ ತಂದು ಸೇರಿಸಲಿಲ್ಲ. ಪಠ್ಯದ ಒಳಗೇ ಇದ್ದ ಎಳೆಯನ್ನು ಹಿಡಿದು ಎಳೆದ.

ಈ ಓದಿಗೆ ಹೆಸರು ಎಲ್ಲಿಂದ ಬಂತು? ಜರ್ಮನ್ ತತ್ವಜ್ಞಾನಿ ಹೈಡೆಗರ್ 1927ರಲ್ಲಿ 'ಡೆಸ್ಟ್ರುಕ್ಟ್ಸಿಯೋನ್' ಅನ್ನೋ ಪದ ಬಳಸಿದ್ದ. ಅದನ್ನು ಹಾಗೇ ಫ್ರೆಂಚ್‌ಗೆ ತಂದರೆ ಬರೀ ನಾಶ ಅಂತ ಕೇಳಿಸುತ್ತೆ. ಡೆರಿಡಾಗೆ ಅದು ಬೇಕಿರಲಿಲ್ಲ. ಅವನು ಹಿಡಿದ 'ಡೆಕನ್‌ಸ್ಟ್ರುಕ್ಸಿಯೋಂ' ಅನ್ನೋ ಪದಕ್ಕೆ ಲಿತ್ರೆ ಅನ್ನೋ ಫ್ರೆಂಚ್ ನಿಘಂಟಿನಲ್ಲಿ ಒಂದು ಅರ್ಥ, ಯಂತ್ರವನ್ನು ಬೇರೆ ಕಡೆ ಸಾಗಿಸೋಕೆ ಭಾಗ ಭಾಗವಾಗಿ ಬಿಚ್ಚೋದು ಅಂತ. 1983ರಲ್ಲಿ ಜಪಾನಿ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಅವನೇ ಹೇಳ್ತಾನೆ.

ಬೋರ್‌ವೆಲ್‌ನಿಂದ ಮೋಟಾರ್ ಎತ್ತೋದನ್ನು ನಮ್ಮ ಕೋಲಾರದ ಕಡೆ ನೋಡದವರಿಲ್ಲ. ಸಾವಿರ ಅಡಿ ಆಳದಲ್ಲಿದ್ದರೆ, 20 ಅಡಿಯ ಕಬ್ಬಿಣದ ಪೈಪು 50. ಒಂದೊಂದಕ್ಕೂ ಕ್ಲಾಂಪ್ ಹಾಕಿ, ಮೇಲಿನದನ್ನು ತಿರುಗಿಸಿ ಬಿಚ್ಚಿ, ಸಾಲಾಗಿ ಮಲಗಿಸ್ತಾರೆ. ಆಗ ಕಾಣುತ್ತೆ, ಯಾವ ಜಾಯಿಂಟ್ ತುಕ್ಕು ಹಿಡಿದಿದೆ, ಕೇಬಲ್ ಎಲ್ಲಿ ಉಜ್ಜಿ ಸವೆದಿದೆ ಅಂತ. ನೀರು ಬರ್ತಿದ್ದಾಗ ಇದ್ಯಾವುದೂ ಕಣ್ಣಿಗೆ ಬೀಳಲ್ಲ. ಇದನ್ನು ಯಾರೂ ಕೆಡವಿದ್ರು ಅನ್ನಲ್ಲ, ಬಿಚ್ಚಿದ್ರು ಅಂತಾರೆ. ನನ್ನ ಮಟ್ಟಿಗೆ ನಿರಚನೆಗೆ 'ಬಿಚ್ಚೋದು' ಅನ್ನೋದಕ್ಕಿಂತ ಒಳ್ಳೆ ಕನ್ನಡ ಇಲ್ಲ.

ಚರಿತ್ರೆಯನ್ನು ಬೇಗ ಮುಗಿಸ್ತೀನಿ. ಡೆರಿಡಾ 1930ರಲ್ಲಿ ಅಲ್ಜೀರಿಯಾದ ಯಹೂದಿ ಮನೆಯಲ್ಲಿ ಹುಟ್ಟಿದವನು. 1942ರಲ್ಲಿ ಯಹೂದಿ ಅನ್ನೋ ಕಾರಣಕ್ಕೆ ಶಾಲೆಯಿಂದ ಹೊರಗೆ ಹಾಕಿದ್ರು. 1966ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಉಪನ್ಯಾಸ, 1967ರಲ್ಲಿ ಒಂದೇ ವರ್ಷ ಮೂರು ಪುಸ್ತಕ. ಅದರಲ್ಲಿ ಒಂದನ್ನು ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1976ರಲ್ಲಿ ಇಂಗ್ಲಿಷಿಗೆ ತಂದರು. ಯೇಲ್ ವಿಶ್ವವಿದ್ಯಾಲಯದ ವಿಮರ್ಶಕರ ಕೈಯಲ್ಲಿ ನಿರಚನೆ ಸಾಹಿತ್ಯ ಓದೋ ಕ್ರಮವಾಯ್ತು. ಇದೆಲ್ಲದರ ಹಿಂದೆ ಭಾಷಾವಿಜ್ಞಾನಿ ಸೊಸ್ಯೂರ್ ಇದ್ದಾನೆ: ಪದಕ್ಕೆ ಅರ್ಥ ಬರೋದು ಬೇರೆ ಪದಗಳಿಂದ ಅದಕ್ಕಿರೋ ವ್ಯತ್ಯಾಸದಿಂದ ಅಂದವನು. ಡೆರಿಡಾ ಅದಕ್ಕೆ ಇನ್ನೊಂದು ಸೇರಿಸಿದ: ಅರ್ಥ ಪೂರ್ತಿ ಕೈಗೆ ಸಿಗದೆ ಮುಂದಕ್ಕೆ ಹೋಗ್ತಾನೇ ಇರುತ್ತೆ ಅಂತ. ವ್ಯತ್ಯಾಸ ಅನ್ನೋ ಫ್ರೆಂಚ್ ಪದದಲ್ಲಿ ಒಂದು ಅಕ್ಷರ ಬದಲಿಸಿ 'ಡಿಫೆರಾನ್ಸ್' ಅಂತ ಬರೆದ. ಉಚ್ಚಾರಣೆ ಅದೇ, ಬದಲಾವಣೆ ಕಾಣೋದು ಬರಹದಲ್ಲಿ ಮಾತ್ರ. ನಮ್ಮ ಶ, ಷ ಹಾಗೇ ತಾನೇ? ಬಾಯಲ್ಲಿ ಬಹುಪಾಲು ಒಂದೇ, ಕಾಗದದ ಮೇಲೆ ಎರಡು.

ಸರಿ, ಮಾಡೋದು ಹೇಗೆ? 'ಮಾತು ಬೆಳ್ಳಿ, ಮೌನ ಬಂಗಾರ' ತಗೊಳ್ಳಿ. ಮೊದಲು ಜೋಡಿ ಹುಡುಕಿ: ಮಾತು, ಮೌನ. ಯಾವುದು ಮೇಲೆ? ಮೌನ. ಆಮೇಲೆ, ಮೇಲಿನದು ಕೆಳಗಿನದರ ಮೇಲೆ ಎಲ್ಲಿ ಒರಗಿದೆ ಅಂತ ಗಾದೆಯ ಒಳಗೇ ನೋಡಿ. ಮೌನ ಬಂಗಾರ ಅಂತ ಹೇಳಿದ್ದು ಯಾರು? ಮಾತು. ಮೌನ ತನ್ನ ಬೆಲೆ ತಾನು ಹೇಳಿಕೊಳ್ಳಲಾರದು. ಬಹಳ ಜನ ಇಲ್ಲೇ ನಿಲ್ತಾರೆ, "ಹಾಗಾದ್ರೆ ಮಾತೇ ಬಂಗಾರ" ಅಂತ ತಿರುಗಿಸಿಬಿಡ್ತಾರೆ. ಅದು ಅರ್ಧ ಕೆಲಸ, ಕುರ್ಚಿ ಹಾಗೇ ಇದೆ, ಕೂತವರು ಮಾತ್ರ ಬದಲಾದ್ರು. ಇನ್ನೊಂದು ಹೆಜ್ಜೆ ಬೇಕು. ಪಂಚಾಯ್ತಿ ಕಟ್ಟೆಯಲ್ಲಿ ಇಬ್ಬರು ಸುಮ್ಮನೆ ಕೂತಿದ್ದಾರೆ ಅಂದುಕೊಳ್ಳಿ, ಒಬ್ಬರು ತಿಳಿದವರು, ಇನ್ನೊಬ್ಬರು ಹೆದರಿದವರು. ಎರಡು ಮೌನದ ವ್ಯತ್ಯಾಸ ತಿಳಿಯೋದು ಹಿಂದೆ ಮುಂದೆ ಆಡಿದ ಮಾತಿನಿಂದ. ಅಂದರೆ ಮೌನ ಮಾತಿನ ಆಚೆ ಇಲ್ಲ, ಪದಗಳ ನಡುವಿನ ಜಾಗದಲ್ಲಿದೆ. ಆ ಜಾಗ ಇಲ್ಲದೆ ಮಾತೂ ಇಲ್ಲ. ಈಗ ಬೆಳ್ಳಿ ಬಂಗಾರದ ತಕ್ಕಡಿಯೇ ಕೆಲಸ ಮಾಡಲ್ಲ.

ಕೆಡೋದು ಎಲ್ಲಿ? ಪಠ್ಯದ ಪದ ಬಿಟ್ಟು ತಮ್ಮ ಅಭಿಪ್ರಾಯ ತುರುಕಿದಾಗ. ಅನುವಾದ ಮಾತ್ರ ಓದಿ ಮೂಲ ಪದ ನೋಡದಿದ್ದಾಗ. ಎಲ್ಲಕ್ಕಿಂತ ಹೆಚ್ಚಾಗಿ, "ಏನು ಬೇಕಾದರೂ ಅರ್ಥ ಮಾಡಬಹುದು" ಅಂದುಕೊಂಡಾಗ. 'ಪಠ್ಯದ ಹೊರಗೆ ಏನೂ ಇಲ್ಲ' ಅಂತ ಡೆರಿಡಾನ ಹೆಸರಲ್ಲಿ ಓಡಾಡೋ ಮಾತನ್ನು ಲೋಕವೇ ಇಲ್ಲ ಅಂತ ಓದೋದು ತಪ್ಪು. ಸಂದರ್ಭಗಳಿಂದ ಪೂರ್ತಿ ಬಿಡಿಸಿಕೊಂಡು ನಿಂತು ಅರ್ಥ ಹೇಳೋ ಜಾಗ ಇಲ್ಲ ಅನ್ನೋದು ಅದರ ತಾತ್ಪರ್ಯ. ಔಷಧಿ ಅಂದಾಗ ತೋಟವೋ ಅಜ್ಜಿಯ ಹಾಸಿಗೆಯೋ ಅಂತ ಕೇಳಲೇಬೇಕಲ್ಲ, ಹಾಗೆ.