ಕೊಡಗಿನ ಬಂಡೆಯಲ್ಲಿ ಪಳೆಯುಳಿಕೆ ಯಾಕೆ ಸಿಗುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಕರೆಂಟ್ ಹೋಗುವ ಮೊದಲು ಮುಗಿಸುತ್ತೇನೆ.

ಮೊದಲೇ ಒಂದು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಬೆಟ್ಟದ ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿ ಪ್ರಯೋಜನ ಇಲ್ಲ. ಇಲ್ಲಿನ ಹೆಚ್ಚಿನ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು, ಆಗ ಭೂಮಿಯಲ್ಲಿ ಇದ್ದದ್ದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅದೂ ಸಾಲದು ಅಂತ ಈ ಕಲ್ಲು ನೆಲದಾಳದಲ್ಲಿ ಚೆನ್ನಾಗಿ ಬೆಂದುಹೋಗಿದೆ.

ಸರಿ, ಮಣ್ಣಿನಲ್ಲಾದರೂ ಏನಾದರೂ ಉಳಿಯುತ್ತದಾ? ನಮ್ಮ ಮನೆಯ ನಾಯಿಯನ್ನು ತೋಟದ ಅಂಚಿನಲ್ಲಿ ಹೂತಿದ್ದೆವು. ಸುಮಾರು 20 ವರ್ಷ ಆದ ಮೇಲೆ ಸಿಲ್ವರ್ ಓಕ್ ನೆಡಲು ಅದೇ ಜಾಗ ಅಗೆದರೆ ಸಿಕ್ಕಿದ್ದು ನಾಲ್ಕು ಹಲ್ಲು, ಮುಟ್ಟಿದರೆ ಪುಡಿಯಾಗುವ ಒಂದು ಮೂಳೆ ಚೂರು, ಅಷ್ಟೇ. ಕಾಫಿ ತೋಟಕ್ಕೆ ಸುಣ್ಣ ಯಾಕೆ ಹಾಕುತ್ತೇವೆ? ಮಣ್ಣು ಹುಳಿ, ಅಲ್ವಾ. ಆ ಹುಳಿ ಮೂಳೆಯನ್ನೂ ಬಿಡುವುದಿಲ್ಲ.

ಉಳಿಯಬೇಕಾದರೆ ಸತ್ತದ್ದು ಬೇಗ ಮುಚ್ಚಿಹೋಗಬೇಕು. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಗದ್ದೆಗಳ ಮೇಲೆ ಕೆಸರು ಕೂತಿತಲ್ಲ (ಅದನ್ನು ಉದಾಹರಣೆ ಮಾಡಲು ಮನಸ್ಸು ಬರುವುದಿಲ್ಲ, ಆದರೂ ಹೇಳುತ್ತೇನೆ), ಪೈರು, ಎಲೆ, ಏಡಿ ಎಲ್ಲಾ ಅದರಡಿ ಹೋದವು. ಗಾಳಿ ತಾಗದ ಕಡೆ ಕೊಳೆಯುವುದು ನಿಧಾನ. ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು, ಹೀಗೆ ಲಕ್ಷಾಂತರ ವರ್ಷ ಕೂತರೆ ಕೆಸರು ಒತ್ತಿ ಕಲ್ಲಾಗುತ್ತದೆ, ಶಾಲೆ ಪುಸ್ತಕದಲ್ಲಿ ಕಣಶಿಲೆ ಅನ್ನುವುದು ಇದನ್ನೇ. ನೀರಿನಲ್ಲಿ ಕರಗಿದ ಖನಿಜ ಮೂಳೆಯ ಸಣ್ಣ ತೂತುಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಕೆಲವು ಸಲ ಚಿಪ್ಪು ಪೂರ್ತಿ ಕರಗಿ ಅಚ್ಚು ಮಾತ್ರ ಉಳಿಯುತ್ತದೆ, ಒಣಗಿದ ಕೆಸರಿನಲ್ಲಿ ಎತ್ತಿನ ಗೊರಸಿನ ಗುರುತು ಉಳಿದ ಹಾಗೆ.

ಕಲ್ಲು ಓದುವುದನ್ನು ಕಲಿಯಲು ಮಾರ್ಚ್‌ನಲ್ಲಿ ಕುಶಾಲನಗರದ ಹತ್ತಿರ ಕಾವೇರಿ ದಡಕ್ಕೆ ಸುಮ್ನೆ ಹೋಗಿ ನಿಲ್ಲಿ. ನೀರು ಜೋರಾಗಿ ಹರಿದ ಕಡೆ ಉರುಟು ಕಲ್ಲು, ನಿಧಾನವಾದ ಕಡೆ ಮರಳು, ನಿಂತ ಗುಂಡಿಯಲ್ಲಿ ನುಣುಪು ಕೆಸರು. ಮರಳಿನ ಮೇಲೆ ಸಾಲು ಸಾಲು ಏರುತಗ್ಗಿನ ಗೆರೆ ಕಾಣುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲೂ ಇಂಥದ್ದೇ ಗೆರೆಗಳಿವೆ, ಆದರೆ ಗುಹೆ ನೋಡಲು ಹೋದವರು ಶಿಲ್ಪದ ಫೋಟೋ ತೆಗೆದು ವಾಪಸ್ ಬರುತ್ತಾರೆ. ಗೆರೆಯ ಎರಡೂ ಬದಿ ಒಂದೇ ಸಮ ಇದ್ದರೆ ನೀರು ಹಿಂದೆ ಮುಂದೆ ತೂಗಾಡಿದೆ. ಒಂದು ಬದಿ ಕಡಿದಾಗಿದ್ದರೆ ನೀರು ಆ ಕಡೆಗೆ ಹರಿದಿದೆ. ಕೋಟ್ಯಂತರ ವರ್ಷದ ಹಿಂದೆ ನೀರು ಯಾವ ಕಡೆ ಹೋಯಿತು ಅಂತ ಬೆರಳಾಡಿಸಿ ಹೇಳಬಹುದು ನೋಡಿ.

ಇದೇ ಕಾವೇರಿ ಕೆಳಗೆ ಹರಿಯುವ ತಮಿಳುನಾಡಿನಲ್ಲಿ ಅರಿಯಲೂರು ಅಂತ ಊರಿದೆ. ಅಲ್ಲಿ ಸಿಮೆಂಟಿಗೆ ಅಗೆಯುವ ಸುಣ್ಣದಕಲ್ಲಿನ ಪ್ರದೇಶದಲ್ಲಿ ಡೈನೋಸಾರ್ ಕಾಲದ ಅಮೋನೈಟ್ ಸಿಗುತ್ತದೆ, ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿಪ್ಪು. ಅಮೋನೈಟ್ ಬದುಕಿದ್ದು ಸಮುದ್ರದಲ್ಲಿ ಮಾತ್ರ. ಹಾಗಾಗಿ ಇವತ್ತು ಬಸ್ ಓಡಾಡುವ ಆ ನೆಲ ಆಗ ಸಮುದ್ರದ ತಳ.

ಸುಣ್ಣದಕಲ್ಲಿನ ಒಂದು ತುಂಡು ಮೇಜಿನ ಮೇಲಿದೆ, ಪಕ್ಕದಲ್ಲಿ ನಮ್ಮ ಬೆಟ್ಟದ ಕಲ್ಲೂ ಇದೆ. ಎರಡನ್ನೂ ಸ್ವಲ್ಪ ಕೆರೆದು ಪುಡಿ ಮಾಡಿ, ಒಂದೊಂದು ಹನಿ ಕಾಚಂಪುಳಿ (ನಮ್ಮ ಕೊಡಗಿನ ಅಡಿಗೆಯ ಕಪ್ಪು ಹುಳಿರಸ) ಬಿಡಿ. ಒಂದರಲ್ಲಿ ಸಣ್ಣಗೆ ಗುಳ್ಳೆ ಏಳುತ್ತದೆ, ನಮ್ಮದರಲ್ಲಿ ಏನೂ ಆಗುವುದಿಲ್ಲ. ಬಾಟಲಿ ಖಾಲಿ ಮಾಡಬೇಡಿ, ಅಮ್ಮ ಅಡಿಗೆಗೆ ಇಟ್ಟದ್ದು.