ಹಿಮವೇ ದಾರಿಯಾಗುವ ನಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ದಾರಿ ಮುಚ್ಚುವ ಕಾಲವೆಂದರೆ ಮಳೆಗಾಲ. ಬ್ರಹ್ಮಾವರದ ಸಮೀಪ, ಸೀತಾನದಿಗೆ ಹತ್ತಿರವಿರುವ ನನ್ನ ತವರುಮನೆಯಿಂದ ಶಾಲೆಗೆ ಹೋಗಬೇಕಾದರೆ ಒಂದು ತೋಡನ್ನು ದಾಟಬೇಕಿತ್ತು. ಅದಕ್ಕೆ ಅಡಿಕೆ ಮರದ ಕಾಲುಸಂಕ ಹಾಕಿದ್ದರು. ಆಟಿ ತಿಂಗಳಲ್ಲಿ ನೆರೆ ಏರಿ ಸಂಕ ತೇಲಿಹೋಯಿತೆಂದರೆ ಆಚೆ ದಡದ ಬಂಧುಗಳ ಮನೆಯೂ ನಮಗೆ ಪರದೇಶವಾಗುತ್ತಿತ್ತು. ಹಿಮ ಬೀಳುವ ನಾಡಿನಲ್ಲಿಯೂ ಹೀಗೆಯೇ ಇರಬೇಕು, ಚಳಿಗಾಲ ಬಂತೆಂದರೆ ಜನ ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಾರೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ವಿಜ್ಞಾನದ ಅಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ ಕೆನಡಾದಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದಾಗ ಆ ತಿಳಿವಳಿಕೆ ತಲೆಕೆಳಗಾಯಿತು.

ಟೊರಾಂಟೊ ನಗರದಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಹಾಲಿಬರ್ಟನ್ ಎಂಬ ಸೀಮೆಯಿದೆ. ಒಂಟಾರಿಯೊ ಪ್ರಾಂತ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರೋವರಗಳಿವೆಯಂತೆ ಎಂದು ಓದಿದ್ದೆ. ಅಲ್ಲಿಗೆ ಹೋದ ಮೇಲೆ ಆ ಮಾತು ಉತ್ಪ್ರೇಕ್ಷೆಯಲ್ಲ ಎಂಬುದು ಕಣ್ಣಿಗೇ ಕಂಡಿತು. ಅಳಿಯನ ಸ್ನೇಹಿತರೊಬ್ಬರ ಕಾಟೇಜು, ಅಂದರೆ ಮರದ ಪುಟ್ಟ ಮನೆ, ಅಂಥದೊಂದು ಸರೋವರದ ಆಚೆ ದಡದಲ್ಲಿತ್ತು. ರಸ್ತೆ ಈಚೆ ದಡದಲ್ಲಿಯೇ ಮುಗಿಯುತ್ತಿತ್ತು. ಬೇಸಗೆಯಲ್ಲಿ ಅಲ್ಲಿಗೆ ದೋಣಿಯಲ್ಲಿ ಹೋಗುತ್ತಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಅದೇ ನೀರಿನ ಮೇಲೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಓಡಿಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಮಳೆ ಮುಚ್ಚುವ ದಾರಿಯನ್ನು ಅಲ್ಲಿ ಹಿಮ ತೆರೆಯುತ್ತದೆ. ಬೇಸಗೆಯಲ್ಲಿ ಕಾಲಿಡಲಾಗದ ಜೌಗು ಭೂಮಿ ಹೆಪ್ಪುಗಟ್ಟಿ ಬಯಲಾಗುತ್ತದೆ, ಸುತ್ತಿ ಬಳಸಿ ಹೋಗಬೇಕಾದ ಊರು ಸರೋವರದ ಮೇಲಿನ ನೇರ ದಾರಿಯಲ್ಲಿ ಹತ್ತಿರವಾಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯ ಬಂದರಿನಲ್ಲಿ ದೋಣಿಗಳು ಒತ್ತಾಗಿ ನಿಂತಿರುತ್ತವೆ. ಹಾಲಿಬರ್ಟನ್ ಸೀಮೆಯ ಜನ ಕಡು ಚಳಿಯಲ್ಲಿಯೇ ಸರೋವರದ ನಡುವೆ ಪುಟ್ಟ ಗುಡಿಸಲು ಇಟ್ಟು, ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕುತ್ತಾರೆ.

ಈ ಸ್ನೋಮೊಬೈಲನ್ನು ಮೋಜಿನ ವಾಹನವೆಂದೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಗುಲ್ಮಾರ್ಗಕ್ಕೆ ಪ್ರವಾಸ ಹೋದವರು ಅದರ ಮೇಲೆ ಕುಳಿತು ತೆಗೆಸಿಕೊಂಡ ಚಿತ್ರಗಳನ್ನು ನೀವೂ ನೋಡಿರಬಹುದು. ಆದರೆ ಅದರ ಹುಟ್ಟಿನ ಹಿಂದೆ ಒಂದು ಸಂಕಟವಿದೆ. ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಹಳ್ಳಿಯಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್, ಹಿಮದ ಮೇಲೆ ಓಡುವ ಗಾಡಿಯನ್ನು ಮಾಡಬೇಕೆಂದು ಹದಿಹರೆಯದಿಂದಲೇ ಹೆಣಗುತ್ತಿದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಕರುಳುಬಾಲದ ಉರಿಯೂತದಿಂದ ನರಳುತ್ತಿದ್ದಾಗ ರಸ್ತೆಗಳೆಲ್ಲ ಹಿಮದಲ್ಲಿ ಹೂತಿದ್ದವು. ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. ನೆರೆಯ ದಿನಗಳಲ್ಲಿ ಬಸುರಿ ಹೆಂಗಸನ್ನೋ ಹಾವು ಕಚ್ಚಿದವರನ್ನೋ ಕಂಬಳಿಯಲ್ಲಿ ಹೊತ್ತು ತೋಡಿನ ಅಂಚಿನಲ್ಲಿ ದಿಕ್ಕು ತೋಚದೆ ನಿಂತವರನ್ನು ಕಂಡ ನಮ್ಮ ಹಿರಿಯರಿಗೆ ಆ ತಂದೆಯ ದುಃಖವನ್ನು ವಿವರಿಸಬೇಕಾಗಿಲ್ಲ. ಮುಂದೆ ಬೊಂಬಾರ್ಡಿಯೆ ಅವರು ಹಲ್ಲಿನ ಚಕ್ರದಿಂದ ತಿರುಗುವ ರಬ್ಬರಿನ ಪಟ್ಟಿಯ ವ್ಯವಸ್ಥೆಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದರು. ಅವರ ಮೊದಲ ಗಾಡಿಗಳು ಒಬ್ಬಿಬ್ಬರು ಏರುವಂಥವಲ್ಲ. ಏಳು ಮಂದಿ, ಆಮೇಲೆ ಹನ್ನೆರಡು ಮಂದಿ ಕೂರುವ, ಮುಚ್ಚಿದ ಗೂಡಿನ ದೊಡ್ಡ ವಾಹನಗಳು. ವೈದ್ಯರು ರೋಗಿಗಳ ಮನೆಗೆ ಹೋದದ್ದು, ಅಂಚೆ ತಲುಪಿದ್ದು, ಮಕ್ಕಳು ಶಾಲೆ ಸೇರಿದ್ದು ಅವುಗಳಲ್ಲಿಯೇ. 1948ರಲ್ಲಿ ಕ್ವಿಬೆಕ್ ಸರಕಾರ ಹಳ್ಳಿಯ ರಸ್ತೆಗಳ ಹಿಮ ತೆಗೆಸುವ ಕಾನೂನು ತಂದಾಗ ಈ ದೊಡ್ಡ ಗಾಡಿಗಳ ಬೇಡಿಕೆ ಇಳಿಯಿತು. ಇಂದು ನಾವು ಕಾಣುವ, ಬೈಕಿನಂತೆ ಕಾಲು ಚಾಚಿ ಕೂರುವ ಹಗುರವಾದ ಸ್ನೋಮೊಬೈಲ್, ಅವರದೇ ‘ಸ್ಕೀ-ಡೂ’, ಬಂದದ್ದು 1959ರಲ್ಲಿ. ಐದು ವರ್ಷಗಳ ಬಳಿಕ, 1964ರಲ್ಲಿ ಅವರು ತೀರಿಕೊಂಡರು.

ಯಂತ್ರದ ಕೆಲಸ ಸರಳವಾದದ್ದು. ಮುಂದೆ ಎರಡು ಸ್ಕೀಗಳು, ಅಂದರೆ ತುದಿ ಮೇಲಕ್ಕೆ ಬಾಗಿದ ಪಟ್ಟಿಗಳು. ಹಿಂದೆ ಉಬ್ಬುಗಳಿರುವ ಅಗಲವಾದ ರಬ್ಬರ್ ಪಟ್ಟಿ. ನಮ್ಮ ಕಂಬಳದ ಗದ್ದೆಯಲ್ಲಿ ಹಲಗೆಯ ಮೇಲೆ ನಿಂತವನು ಕೆಸರಿನಲ್ಲಿ ಹೂತುಹೋಗದೆ ಜಾರಿಕೊಂಡು ಸಾಗುವುದಕ್ಕೆ ಯಾವ ಕಾರಣವೋ, ಇನ್ನೂರು ಮುನ್ನೂರು ಕಿಲೋ ತೂಕದ ಈ ಯಂತ್ರ ಹಿಮದ ಮೇಲೆ ತೇಲಿದಂತೆ ಹೋಗುವುದಕ್ಕೂ ಅದೇ ಕಾರಣ: ಭಾರ ಅಗಲವಾದ ಜಾಗಕ್ಕೆ ಹಂಚಿಹೋಗುತ್ತದೆ. ನಡೆಯುವ ಮನುಷ್ಯನ ಪಾದ ಹಿಮವನ್ನು ಒತ್ತುವಷ್ಟು ಕೂಡ ಅದು ಒತ್ತುವುದಿಲ್ಲ. ಗೇರು ಬದಲಿಸುವ ಕೆಲಸವಿಲ್ಲ. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿರುವಂತೆ ಎರಡು ರಾಟೆಗಳ ನಡುವೆ ಒಂದು ಬೆಲ್ಟ್ ತಾನಾಗಿಯೇ ಹೊಂದಿಕೊಳ್ಳುತ್ತದೆ. ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಸನ್ನೆಗೋಲನ್ನು ಒತ್ತಿದರೆ ವೇಗ, ಎಡಗೈಯಲ್ಲಿ ಬ್ರೇಕು. ಒಂದು ಸುರುಳಿ ದಾರದ ಒಂದು ತುದಿ ಯಂತ್ರಕ್ಕೂ ಇನ್ನೊಂದು ತುದಿ ಸವಾರನ ಅಂಗಿಗೂ ಸಿಕ್ಕಿರುತ್ತದೆ. ಸವಾರ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ.

ನಾನು ಅದರ ಹಿಂದಿನ ಆಸನದಲ್ಲಿ ಕುಳಿತ ದಿನ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿತ್ತು. ಅಂಥ ಚಳಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು ಮೈನಸ್ 36ರಂತೆ ತಟ್ಟುತ್ತದೆ. ಹೊರಡುವ ಮುಂಚೆ ಮಗಳು ನನ್ನ ಹತ್ತಿ ಬಟ್ಟೆಗಳನ್ನೆಲ್ಲ ಬದಿಗಿಡಿಸಿದಳು. ‘ಅಮ್ಮ, ಇಲ್ಲಿ ಹತ್ತಿ ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ’ ಎಂದಳು. ಊರಿನ ಸೆಕೆಯಲ್ಲಿ ನಮ್ಮನ್ನು ಕಾಯುವ ಹತ್ತಿಯೇ ಅಲ್ಲಿ ಅಪಾಯ. ಮೈಗೆ ತಾಗಿ ಉಣ್ಣೆ, ಅದರ ಮೇಲೆ ಇನ್ನೊಂದು ದಪ್ಪ ಪದರ, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಅಂಗಿ. ಬಾಲ್ಯದಲ್ಲಿ ಅಡಿಕೆ ಹಾಳೆಯ ಮೇಲೆ ಕೂರಿಸಿ ಅಣ್ಣ ನನ್ನನ್ನು ಅಂಗಳವಿಡೀ ಎಳೆಯುತ್ತಿದ್ದ ನೆನಪು ಆ ಬಿಳಿಯ ಬಯಲಿನಲ್ಲಿ ಎಷ್ಟೋ ವರ್ಷಗಳ ಬಳಿಕ ಮರಳಿ ಬಂತು.

ಆದರೆ ದಾರಿ ತೆರೆದಿದೆಯೋ ಇಲ್ಲವೋ ಎಂದು ನಿಶ್ಚಯಿಸುವುದು ಯಂತ್ರವಲ್ಲ, ಮಂಜುಗಡ್ಡೆಯ ದಪ್ಪ. ಆ ದಡದಲ್ಲಿ ವರ್ಷವಿಡೀ ವಾಸಿಸುವ ಹಿರಿಯರೊಬ್ಬರು ಬೈರಿಗೆಯಿಂದ ಅಲ್ಲಲ್ಲಿ ಕೊರೆದು, ಅಳತೆ ಕೋಲು ಇಳಿಸಿ ನೋಡಿದ ಮೇಲೆಯೇ ನಾವು ಹೊರಟದ್ದು. ಗಾಜಿನಂತೆ ತಿಳಿಯಾದ ಹೊಸ ಗಡ್ಡೆ 10 ಸೆಂಟಿಮೀಟರ್ ದಪ್ಪವಿದ್ದರೆ ಮನುಷ್ಯ ನಡೆಯಬಹುದು. ಸ್ನೋಮೊಬೈಲಿಗೆ 12ರಿಂದ 15 ಸೆಂಟಿಮೀಟರಾದರೂ ಬೇಕು. ಹಾಲಿನಂತೆ ಬೆಳ್ಳಗಿರುವ ಗಡ್ಡೆಯ ಬಲ ಅದರ ಅರ್ಧದಷ್ಟೇ. ತೋಡು ಬಂದು ಸೇರುವಲ್ಲಿ, ನೀರು ಹೊರಗೆ ಹರಿಯುವಲ್ಲಿ, ಎರಡು ದಡಗಳು ಹತ್ತಿರವಾಗಿ ಸೆಳೆತ ಹೆಚ್ಚುವಲ್ಲಿ ಗಡ್ಡೆ ತೆಳುವಾಗಿರುತ್ತದೆ. ಇನ್ನೊಂದು ಸಂಗತಿ ನನಗೆ ತೀರ ಹೊಸತಾಗಿತ್ತು: ಮೇಲೆ ಬಿದ್ದ ಹಿಮ ಹೊದಿಕೆಯಂತೆ ಕೆಲಸ ಮಾಡಿ ಗಡ್ಡೆ ದಪ್ಪವಾಗುವುದನ್ನು ತಡೆಯುತ್ತದೆ, ಹಿಮದ ಭಾರಕ್ಕೆ ಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲಕ್ಕೆ ಬಂದು, ಹೊರಗಿನಿಂದ ಕಾಣದ ಕೆಸರಾಗಿ ನಿಲ್ಲುತ್ತದೆ. ಅದರಲ್ಲಿ ಸಿಕ್ಕಿಬಿದ್ದ ಯಂತ್ರವನ್ನು ಎತ್ತಿ ತೆಗೆಯದಿದ್ದರೆ ಬೆಳಗಾಗುವುದರೊಳಗೆ ಅದು ಅಲ್ಲಿಯೇ ಹೆಪ್ಪುಗಟ್ಟಿರುತ್ತದೆ. ನಮ್ಮ ನದಿಯ ಅಳಿವೆಯಲ್ಲಿ ಯಾವ ಹೊತ್ತಿಗೆ ಎಲ್ಲಿ ಮರಳು ದಿಬ್ಬವೇಳುತ್ತದೆ ಎಂದು ಮೊಗವೀರ ಹಿರಿಯರು ಬಲ್ಲ ಹಾಗೆ, ಅಲ್ಲಿಯವರು ತಮ್ಮ ಸರೋವರದ ಒಂದೊಂದು ಮೂಲೆಯನ್ನೂ ಬಲ್ಲರು. ಆ ಹಿರಿಯರನ್ನು ಕೇಳದೆ ಗಡ್ಡೆಯ ಮೇಲೆ ಇಳಿಯುವವರನ್ನು ನಾನು ಧೈರ್ಯವಂತರೆಂದು ಕರೆಯಲಾರೆ.

ಕಾಡಿನೊಳಗಿನ ಹಾದಿಗಳನ್ನು ಕಾಯುವವರೂ ಅಲ್ಲಿಯ ಕ್ಲಬ್ಬುಗಳ ಸ್ವಯಂಸೇವಕರೇ. 1966ರಲ್ಲಿ ಆರಂಭವಾದ ಒಂಟಾರಿಯೊ ಸ್ನೋಮೊಬೈಲ್ ಕ್ಲಬ್ಬುಗಳ ಒಕ್ಕೂಟದ ಹಾದಿಗಳ ಉದ್ದ ಸಾವಿರಾರು ಕಿಲೋಮೀಟರ್. ಅವುಗಳಲ್ಲಿ ಬಹಳಷ್ಟು ಖಾಸಗಿ ಜಮೀನಿನ ಮೂಲಕ, ಒಡೆಯರ ಒಪ್ಪಿಗೆಯಿಂದ ಹಾದುಹೋಗುತ್ತವೆ. ಹಾದಿಯಲ್ಲಿ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್. ಎದುರಾದ ಸವಾರರು ತಮ್ಮ ಹಿಂದೆ ಎಷ್ಟು ಗಾಡಿಗಳಿವೆ ಎಂದು ಬೆರಳೆತ್ತಿ ತೋರಿಸುತ್ತಾರೆ, ಕೊನೆಯವನು ಮುಷ್ಟಿ ಹಿಡಿದು ತೋರಿಸುತ್ತಾನೆ. ಹಳೆಯ ಯಂತ್ರಗಳ ಸದ್ದು ಮತ್ತು ಎಣ್ಣೆಯ ಹೊಗೆ ಆ ಮೌನವಾದ ಕಾಡಿಗೆ ನಿಜವಾದ ಉಪದ್ರವ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಇನ್ನು ಮನೆಯ ಮಾತು. ಮಳೆಗಾಲಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಜಗಲಿಗೆ ಮಡಲಿನ ತಟ್ಟಿ ಕಟ್ಟಿ, ಕಟ್ಟಿಗೆ, ತೆಂಗಿನ ಸಿಪ್ಪೆ, ಗೆರಟೆಗಳನ್ನು ಕೊಟ್ಟಿಗೆಯ ಅಟ್ಟಕ್ಕೇರಿಸಿ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದ ಸಂಭ್ರಮವನ್ನು ನೆನೆದುಕೊಳ್ಳಿ. ಅಲ್ಲಿಯ ಸಿದ್ಧತೆ ಅದಕ್ಕೂ ಕಟ್ಟುನಿಟ್ಟು. ಈ ಚಳಿಗಾಲದಲ್ಲಿ ಉರಿಸುವ ಮೇಪಲ್, ಬರ್ಚ್ ಕಟ್ಟಿಗೆಯನ್ನು ಕಳೆದ ವರ್ಷವೇ ಸೀಳಿ ಪೇರಿಸಿ ಒಣಗಿಸಿರಬೇಕು. ಹಸಿ ಕಟ್ಟಿಗೆ ಉರಿಸಿದರೆ ಚಿಮಣಿಯೊಳಗೆ ಟಾರಿನಂಥ ಕರಿ ಅಂಟಿಕೊಂಡು, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ನೀರು ಗಡ್ಡೆಯಾಗುವಾಗ ಹಿಗ್ಗುವುದರಿಂದ, ನಿತ್ಯ ವಾಸವಿಲ್ಲದ ಮನೆಗಳ ಕೊಳವೆಗಳಲ್ಲಿ ಒಂದು ತೊಟ್ಟೂ ಉಳಿಯದಂತೆ ಬಸಿದುಬಿಡುತ್ತಾರೆ. ಹಾಗಾಗಿ ನಾವಿದ್ದ ಮೂರು ದಿನವೂ ಗಡ್ಡೆಯ ತೂತಿನಿಂದ ಬಕೆಟಿನಲ್ಲಿ ನೀರು ತಂದು ಕುದಿಸಿ ಬಳಸಿದೆವು. ಮಾಡಿನ ಮೇಲೆ ಹಿಮ ರಾಶಿಯಾದರೆ ಸಲಿಕೆ ಹಿಡಿದು ಇಳಿಸಬೇಕು, ಇಲ್ಲದಿದ್ದರೆ ಪಕ್ಕಾಸುಗಳೇ ಮುರಿದಾವು. ಬೆಂಕಿಯಿರುವ ಮುಚ್ಚಿದ ಮನೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯಬಲ್ಲದು. ಅದನ್ನು ಪತ್ತೆಹಚ್ಚಿ ಕೂಗುವ ಸಣ್ಣ ಪೆಟ್ಟಿಗೆ ಮಲಗುವ ಕೋಣೆಯ ಬಾಗಿಲ ಬಳಿ ಇತ್ತು. ಕುಚ್ಚಲಕ್ಕಿ ಗಂಜಿಯನ್ನು ಆ ಕಟ್ಟಿಗೆಯ ಒಲೆಯ ಮೇಲೆಯೇ ಇಟ್ಟೆ, ಊರಿನಿಂದ ಒಯ್ದ ಮಾವಿನ ಮಿಡಿ ಉಪ್ಪಿನಕಾಯಿಯ ಜತೆಗೆ ಎಲ್ಲರೂ ಉಂಡೆವು. ರಾತ್ರಿ ಚಳಿ ಹೆಚ್ಚಿದಂತೆ ಸರೋವರ ಗುಡುಗಿನಂತೆ ಸದ್ದು ಮಾಡತೊಡಗಿತು. ಗಡ್ಡೆ ಕುಗ್ಗಿ ಹಿಗ್ಗಿ ಬಿರಿಯುವ ಸದ್ದದು. ನಾನು ಬೆಚ್ಚಿ ಎದ್ದು ಕುಳಿತೆ, ಮನೆಯವರು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದರು.

ಆ ಜನ ನಿಜವಾಗಿ ಅಂಜುವುದು ಚಳಿಗಾಲಕ್ಕಲ್ಲ, ಅದರ ಎರಡು ತುದಿಗಳಿಗೆ. ಗಡ್ಡೆ ಇನ್ನೂ ಕೂಡದ, ದೋಣಿಯೂ ಹೋಗದ ಕೆಲವು ವಾರಗಳು ಚಳಿಗಾಲದ ಮೊದಲಿಗೆ. ಗಡ್ಡೆ ಕೊಳೆತು ಮೆತ್ತಗಾಗಿ, ಗಾಡಿಯನ್ನೂ ತಾಳದೆ ದೋಣಿಗೂ ಎಡೆಗೊಡದ ಕೆಲವು ವಾರಗಳು ಅದರ ಕೊನೆಗೆ. ಆಗ ಆಚೆ ದಡದ ಮನೆಗೆ ಯಾವ ದಾರಿಯೂ ಇಲ್ಲ. ತಾನು ಚಿಕ್ಕವನಾಗಿದ್ದಾಗ ಗಡ್ಡೆ ಇಷ್ಟು ತಡವಾಗಿ ಕೂಡುತ್ತಿರಲಿಲ್ಲ ಎಂದು ಆ ಹಿರಿಯರು ಬೈರಿಗೆಯನ್ನು ಒರೆಸುತ್ತಾ ಹೇಳಿದರು. ಮಾರ್ಚ್ ತಿಂಗಳಲ್ಲಿ ಮಗಳು ಫೋನು ಮಾಡಿದಾಗ ಇಲ್ಲಿ ಮಾವಿನ ಮಿಡಿ ಉದುರುತ್ತಿತ್ತು; ಅಲ್ಲಿ ಸರೋವರದ ಮೇಲಿನ ಗುರುತಿನ ಕೋಲುಗಳನ್ನು ಕಿತ್ತು ದಡಕ್ಕೆ ತಂದು, ದೋಣಿ ಇಳಿಯುವ ದಿನವನ್ನು ಕಾಯುತ್ತಿದ್ದಾರೆ ಎಂದಳು.

ನಮಸ್ಕಾರ.