ಕ್ಯಾಮ್‌ಕಾರ್ಡರ್ ಕಂಪ್ಯೂಟರಿಗೆ ಕಾಣಿಸದಿದ್ದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

1990ರ ದಶಕದ ಕೊನೆಯಿಂದ ಸುಮಾರು 2010ರವರೆಗೆ ನಮ್ಮಲ್ಲಿ ನಡೆದ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳ ಎಷ್ಟೋ ದೃಶ್ಯಗಳು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್‌ಗಳಲ್ಲಿ ಇಂದಿಗೂ ಉಳಿದಿವೆ. ಅವುಗಳನ್ನು ಸಂಕಲನ ಮಾಡಿ ಮಕ್ಕಳಿಗೆ ತೋರಿಸಬೇಕೆಂದು ಹಳೆಯ ಕ್ಯಾಮ್‌ಕಾರ್ಡರನ್ನು ಬೀರುವಿನಿಂದ ಹೊರತೆಗೆದು ಕಂಪ್ಯೂಟರಿಗೆ ಜೋಡಿಸಿದಾಗ, ಕ್ಯಾಸೆಟ್ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದರೂ ಕಂಪ್ಯೂಟರ್ ಮಾತ್ರ ಅಂಥದೊಂದು ಯಂತ್ರ ತನ್ನ ಬಳಿ ಇಲ್ಲವೇ ಇಲ್ಲ ಎನ್ನುವಂತೆ ಸುಮ್ಮನಿರುತ್ತದೆ. ಹೆಚ್ಚಿನವರು ಇಲ್ಲಿಗೇ ಕ್ಯಾಮೆರಾ ಕೆಟ್ಟಿದೆಯೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಕ್ಯಾಸೆಟ್ ಓಡುತ್ತಿರುವಾಗ ದೋಷ ಕ್ಯಾಮೆರಾದ ಹೊರಗಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಕ್ಯಾಮೆರಾದಿಂದ ಆರಂಭಿಸಿ ಕಂಪ್ಯೂಟರಿನತ್ತ ಒಂದೊಂದೇ ಹೆಜ್ಜೆಯಾಗಿ ಹುಡುಕುತ್ತಾ ಹೋಗಬೇಕು.

ಮೊದಲಿಗೆ, ಕ್ಯಾಸೆಟ್‌ನ ಬೆನ್ನಿನಲ್ಲಿರುವ ಚಿಕ್ಕ ಗುಂಡಿಯನ್ನು ‘ಸೇವ್’ ಎಂದು ಬರೆದಿರುವ ಕಡೆಗೆ ಸರಿಸಿಬಿಡಿ. ಆಗ ಯಾವ ತಪ್ಪು ಗುಂಡಿ ಒತ್ತಿದರೂ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣವಾಗುವ ಭಯವಿಲ್ಲ. ಬಳಿಕ ಕ್ಯಾಮೆರಾದ ಸ್ವಿಚ್ ನೋಡಿ. ಅದು ಚಿತ್ರೀಕರಣದ ಸ್ಥಾನದಲ್ಲಿರದೆ, ವಿಸಿಆರ್, ವಿಟಿಆರ್ ಅಥವಾ ಪ್ಲೇ ಎಂಬ ಸ್ಥಾನದಲ್ಲಿರಬೇಕು. ಬ್ಯಾಟರಿಯನ್ನು ನಂಬದೆ ಅಡಾಪ್ಟರಿನಿಂದಲೇ ವಿದ್ಯುತ್ ಕೊಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದೆಯೇ ಎಂದು ಮೊದಲೇ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು; ಬೂಷ್ಟು ಹಿಡಿದ ಒಂದು ಟೇಪು, ಟೇಪನ್ನು ಓದುವ ಕ್ಯಾಮೆರಾದ ಹೆಡ್ಡನ್ನೇ ಕೊಳೆ ಮಾಡುತ್ತದೆ.

ಇನ್ನು ಅತಿ ಹೆಚ್ಚು ಜನ ಎಡವುವ ಜಾಗಕ್ಕೆ ಬರೋಣ. ಈ ಕ್ಯಾಮೆರಾಗಳಲ್ಲಿ ಹಲವಕ್ಕೆ ಎರಡು ಪೋರ್ಟ್‌ಗಳಿವೆ. ಒಂದು ಎಲ್ಲರಿಗೂ ಪರಿಚಯವಿರುವ ಯುಎಸ್‌ಬಿ, ಇನ್ನೊಂದು ನಾಲ್ಕು ಪಿನ್ನಿನ ಚಿಕ್ಕ ಪೋರ್ಟ್. ಪರಿಚಿತವೆಂಬ ಕಾರಣಕ್ಕೆ ಎಲ್ಲರೂ ಯುಎಸ್‌ಬಿಯನ್ನೇ ಹಿಡಿಯುತ್ತಾರೆ. ಆದರೆ ಬಹುಪಾಲು ಮಿನಿ ಡಿವಿ ಮಾದರಿಗಳಲ್ಲಿ ಆ ಯುಎಸ್‌ಬಿ ಇರುವುದು ಮೆಮೊರಿ ಕಾರ್ಡಿನಲ್ಲಿರುವ ಸ್ಥಿರಚಿತ್ರಗಳನ್ನು ಸಾಗಿಸುವುದಕ್ಕೆ ಅಥವಾ ತೀರ ಕಡಿಮೆ ಗುಣಮಟ್ಟದ ವೀಡಿಯೋ ಕಳುಹಿಸುವುದಕ್ಕೆ ಮಾತ್ರ. ಟೇಪಿನಲ್ಲಿರುವ ಡಿಜಿಟಲ್ ದತ್ತಾಂಶ ಇದ್ದಂತೆಯೇ ಹೊರಬರುವುದು ಆ ಚಿಕ್ಕ ಪೋರ್ಟ್‌ನಿಂದ. 1995ರಲ್ಲಿ ಪ್ರಮಾಣಿತವಾದ ಐಇಇಇ 1394 ಎಂಬ ಈ ವ್ಯವಸ್ಥೆಯನ್ನು ಆಪಲ್ ಫೈರ್‌ವೈರ್ ಎಂದು, ಸೋನಿ ಐ-ಲಿಂಕ್ ಎಂದು ಕರೆದವು. ಹೆಸರು ಬೇರೆಯಾದರೂ ಸಾಮಾನು ಒಂದೇ.

ಫೈರ್‌ವೈರ್ ಪೋರ್ಟ್ ಇಲ್ಲದ ಇಂದಿನ ಲ್ಯಾಪ್‌ಟಾಪ್‌ಗಳಿಗೆಂದು, ಒಂದು ತುದಿಯಲ್ಲಿ ಯುಎಸ್‌ಬಿ, ಮತ್ತೊಂದು ತುದಿಯಲ್ಲಿ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಆನ್‌ಲೈನಿನಲ್ಲಿ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ಎರಡೂ ಮಾತಾಡುವ ರೀತಿಯೇ ಬೇರೆಯಾದ್ದರಿಂದ, ನಡುವೆ ಬರೀ ತಂತಿ ಎಳೆದರೆ ಏನೂ ಹರಿಯುವುದಿಲ್ಲ. ಅದನ್ನು ಮಾರುವವರ ಬಗ್ಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತಿಲ್ಲ. ಮೇಜಿನ ಮೇಲಿನ ಕಂಪ್ಯೂಟರ್ ಇದ್ದರೆ ಅದರೊಳಗೆ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸುವುದು ಸರಿಯಾದ ದಾರಿ. ಯಾರ ಮನೆಯಲ್ಲಾದರೂ ಫೈರ್‌ವೈರ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪ್ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೇ ಈ ಕೆಲಸಕ್ಕೆ ಎಬ್ಬಿಸುವುದು ಇನ್ನೂ ಸುಲಭ. ಮ್ಯಾಕ್ ಬಳಸುವವರು ಥಂಡರ್‌ಬೋಲ್ಟ್ ಅಡಾಪ್ಟರ್‌ಗಳನ್ನು ಒಂದಕ್ಕೊಂದು ಪೋಣಿಸಿ ಕೆಲಸ ಸಾಗಿಸುತ್ತಿದ್ದರು. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಆವೃತ್ತಿಯಲ್ಲಿ ಆಪಲ್ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿರುವುದರಿಂದ ಹಿಂದಿನ ಆವೃತ್ತಿಯ ಯಂತ್ರ ಬೇಕಾಗುತ್ತದೆ.

ಕೇಬಲ್ ಜೋಡಿಸುವಾಗ ಒಂದು ಎಚ್ಚರಿಕೆ. ಕಂಪ್ಯೂಟರಿನ ಕಡೆಯ ಆರು ಪಿನ್ನಿನ ಪೋರ್ಟ್‌ನಲ್ಲಿ ದತ್ತಾಂಶದ ಜೊತೆಗೆ ವಿದ್ಯುತ್ತೂ ಇರುತ್ತದೆ. ಸವೆದ ಪೋರ್ಟ್‌ಗೆ ಪ್ಲಗ್ಗನ್ನು ತಿರುಗುಮುರುಗಾಗಿ ಬಲವಂತದಿಂದ ತುರುಕಿದರೆ ಪೋರ್ಟ್ ಸುಟ್ಟುಹೋಗಬಹುದು. ಎರಡೂ ಯಂತ್ರಗಳನ್ನು ಆರಿಸಿ, ಜೋಡಿಸಿ, ಆಮೇಲೆ ಚಾಲೂ ಮಾಡುವುದೇ ಕ್ಷೇಮ. ಸಂಪರ್ಕ ಕೂಡಿಬಂದಾಗ ಹಲವು ಮಾದರಿಗಳ ಪರದೆಯ ಮೂಲೆಯಲ್ಲಿ ‘ಡಿವಿ ಇನ್’ ಎಂಬ ಅಕ್ಷರಗಳು ಮೂಡುತ್ತವೆ. ಅವು ಮೂಡಿಯೂ ಕಂಪ್ಯೂಟರ್ ಕ್ಯಾಮೆರಾವನ್ನು ಗುರುತಿಸದಿದ್ದರೆ ತಂತಿಯ ಮೇಲಿನ ಅನುಮಾನ ಬಿಟ್ಟು ಡ್ರೈವರ್, ಅಂದರೆ ಸಾಧನದೊಂದಿಗೆ ಮಾತಾಡಲು ಕಂಪ್ಯೂಟರಿಗೆ ನೆರವಾಗುವ ತಂತ್ರಾಂಶದ ಕಡೆಗೆ ತಿರುಗಬೇಕು.

ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಫೈರ್‌ವೈರಿಗೆ ಹೊಸ ಡ್ರೈವರ್ ತಂದಿತು. ಕೆಲವು ಕ್ಯಾಮೆರಾಗಳಿಗೂ ಅದಕ್ಕೂ ಹೊಂದಿಕೆಯಾಗಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು, 1394 ಕಂಟ್ರೋಲರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವರನ್ನು ನಾವೇ ಆರಿಸುವ ಆಯ್ಕೆಗೆ ಹೋಗಿ, ಹೆಸರಿನ ಕೊನೆಯಲ್ಲಿ ‘ಲೆಗಸಿ’ ಎಂದಿರುವ ಹಳೆಯ ಡ್ರೈವರನ್ನು ಹಾಕಿದಾಗ ಎಷ್ಟೋ ಕ್ಯಾಮೆರಾಗಳು ಆ ಕ್ಷಣವೇ ಕಾಣಿಸಿಕೊಳ್ಳುತ್ತವೆ. ವಿಂಡೋಸ್ 8 ಮತ್ತು 10ರಲ್ಲಿ ಈ ಹಳೆಯ ಡ್ರೈವರ್ ಜೊತೆಗೇ ಬರುವುದಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಲಿನಕ್ಸ್ ಬಲ್ಲವರಿಗೆ ಟೇಪಿನ ದೃಶ್ಯ ಇಳಿಸಿಕೊಳ್ಳಲು ಡಿವಿಗ್ರ್ಯಾಬ್ ಎಂಬ ತಂತ್ರಾಂಶವಿದೆ. ಎಚ್‌ಡಿವಿ ಕ್ಯಾಮೆರಾ, ಅಂದರೆ ಇಂಥದೇ ಟೇಪಿನಲ್ಲಿ ಹೈ ಡೆಫಿನಿಷನ್ ದೃಶ್ಯ ಮುದ್ರಿಸುವ ಕ್ಯಾಮೆರಾ ಇರುವವರು ಮೆನುವಿನಲ್ಲಿ ಔಟ್‌ಪುಟ್ ಡಿವಿಯೋ ಎಚ್‌ಡಿವಿಯೋ ಎಂಬುದನ್ನು ಕೇಬಲ್ ಜೋಡಿಸುವ ಮೊದಲೇ ನಿರ್ಧರಿಸಬೇಕು.

ದೃಶ್ಯ ಬರತೊಡಗಿದ ಮೇಲೂ ಕೆಲಸ ನಡುವೆ ನಿಲ್ಲುವುದುಂಟು. ಡಿವಿ ದತ್ತಾಂಶ ಸೆಕೆಂಡಿಗೆ ಸುಮಾರು 3.6 ಮೆಗಾಬೈಟ್ ವೇಗದಲ್ಲಿ ಹರಿಯುತ್ತದೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಒಂದು ಫೈಲ್ 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ, ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ, ಅಂದರೆ ಹತ್ತೊಂಬತ್ತನೆಯ ನಿಮಿಷದ ಸುಮಾರಿಗೆ, ದೃಶ್ಯ ಕಡಿದುಹೋದರೆ ಆಶ್ಚರ್ಯಪಡಬೇಕಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕ್ ಬಳಸಿದರೆ ಈ ತೊಂದರೆಯಿಲ್ಲ. ಚಿತ್ರದಲ್ಲಿ ಚೌಕಚೌಕವಾದ ಕಲೆಗಳು ಕಂಡರೆ ಹೆಡ್ಡನ್ನು ಕ್ಲೀನಿಂಗ್ ಕ್ಯಾಸೆಟ್‌ನಿಂದ ಕೆಲವೇ ಸೆಕೆಂಡು ಶುಚಿಮಾಡಿ.

ಇಷ್ಟಾದರೂ ಫೈರ್‌ವೈರ್ ಮಾತಾಡದಿದ್ದರೆ, ಕ್ಯಾಮೆರಾದ ಆ ಪೋರ್ಟೇ ಸತ್ತಿರಬಹುದು. ಆಗ ಟಿವಿಗೆ ಜೋಡಿಸುವ ಎವಿ ಕೇಬಲನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಕೊಟ್ಟು ದೃಶ್ಯವನ್ನು ಇಳಿಸಿಕೊಳ್ಳಬಹುದು. ಇಲ್ಲಿ ಗುಣಮಟ್ಟ ಒಂದಿಷ್ಟು ಇಳಿಯುವುದು ನಿಜ. ಕ್ಯಾಮೆರಾದಲ್ಲಿ ಎಸ್-ವೀಡಿಯೋ ಪೋರ್ಟ್ ಇದ್ದರೆ ಚಿತ್ರಕ್ಕೆ ಹಳದಿ ಪ್ಲಗ್ಗಿನ ಬದಲು ಅದನ್ನು ಬಳಸಿ, ಧ್ವನಿಗೆ ಮಾತ್ರ ಕೆಂಪು ಮತ್ತು ಬಿಳಿ ಪ್ಲಗ್ಗುಗಳನ್ನು ಜೋಡಿಸಿಕೊಳ್ಳಿ.

ನಮಸ್ಕಾರ.